ಗೂಟದ ಮೇಲಿನ ತೌಡಿನ ಅಂಗಿ

ನಾನು ಓದು ಬಿಟ್ಟದ್ದು 1986ರಲ್ಲಿ, ಒಂಬತ್ತನೆಯ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕಂಪ್ಲಿಯಲ್ಲಿ ಅಪ್ಪನದೊಂದು ಸಣ್ಣ ಅಕ್ಕಿ ಗಿರಣಿ ಇತ್ತು. ಬೆಂಚಿನ ಮೇಲೆ ಕೂತು ತೂಕಡಿಸುವುದಕ್ಕಿಂತ ಅಲ್ಲಿ ಮೂಟೆ ಹೊರುವುದು ವಾಸಿ ಅನ್ನಿಸಿತು. ಹೀಗಾಗಿ ದೊಡ್ಡ ಉದ್ಯಮಿಗಳು ನಾಲ್ಕು ಜನರ ಮುಂದೆ ಯಾವ ಬಟ್ಟೆ ತೊಡಬೇಕು, ಹೇಗೆ ನಿಲ್ಲಬೇಕು ಎಂಬುದನ್ನು ನನಗೆ ಯಾವ ಕಾಲೇಜೂ ಕಲಿಸಿಲ್ಲ. ಕಣ್ಣಿಂದ ನೋಡಿ ಕಲಿತದ್ದೇ ಬಂತು. ಸಂಡೂರಿನ ಗಣಿಗಳ ಕಡೆ ಹೋದರೆ ಮರದ ಎಲೆಯೂ ಕೆಂಪು, ನಾಯಿಯೂ ಕೆಂಪು. ಅಂಥಲ್ಲಿ ಹಾಲಿನಂಥ ಬಿಳಿ ಅಂಗಿ ತೊಟ್ಟವನೊಬ್ಬ ಕಾರಿನಿಂದ ಇಳಿದರೆ ಅವನೇ ಮಾಲೀಕ ಎಂದು ತಿಳಿಯಬೇಕು. ಧೂಳಿನ ಹತ್ತಿರ ಹೋಗುವ ಅಗತ್ಯ ಅವನಿಗಿಲ್ಲ. ಹೊಸಪೇಟೆಯ ವ್ಯಾಪಾರಸ್ಥರದು ಇನ್ನೊಂದು ರೀತಿ: ತೆಳ್ಳನೆಯ ಬಟ್ಟೆಯ ಜೇಬು, ಒಳಗಿನ ಫೋನು ಯಾವ ಕಂಪನಿಯದೆಂದು ಎದುರಿಗಿದ್ದವರಿಗೆ ಕಾಣಬೇಕು. ಇನ್ನು ಮೊಬೈಲಿನಲ್ಲಿ ಬಂದು ಉಪದೇಶ ಮಾಡುವ ಕೋಟ್ಯಧಿಪತಿಗಳಂತೂ ಬನಿಯನ್ನಿನಂಥ ಕರಿ ಟೀ ಶರ್ಟಿನಲ್ಲೇ ಇರುತ್ತಾರೆ. ಅಷ್ಟು ದುಡ್ಡಾದ ಮೇಲೆ ಕಾಲರು ಬೇಕಿಲ್ಲವೆಂದು ಕಾಣುತ್ತದೆ.

ಅಕ್ಕಿ ಮಿಲ್ಲಿನವನ ಕಷ್ಟವೇ ಬೇರೆ. ನಮ್ಮ ಮಿಲ್ಲಿಗೆ ಎರಡು ಗೇಟು. ಮುಂದಿನ ಗೇಟಿನಿಂದ ಅಕ್ಕಿ ಕೊಳ್ಳುವವರು ಬರುತ್ತಾರೆ. ಅವರ ಮುಂದೆ ನಾನು ಅನುಕೂಲಸ್ಥನಂತೆ ಕಾಣಬೇಕು, ಇಲ್ಲದಿದ್ದರೆ ಇವನು ಹೇಳಿದಷ್ಟು ಮಾಲು ಕೊಟ್ಟಾನೆಯೇ ಎಂದು ಅನುಮಾನ ಪಡುತ್ತಾರೆ. ಹಿಂದಿನ ಗೇಟಿನಿಂದ ರೈತರು ಭತ್ತ ತರುತ್ತಾರೆ. ಅವರ ಮುಂದೆ ಇಸ್ತ್ರಿ ಅಂಗಿಯಲ್ಲಿ ನಿಂತರೆ ಭತ್ತದ ರೇಟು ಅಲ್ಲೇ ಏರುತ್ತದೆ. ಅದಕ್ಕೆಂದೇ ಆಫೀಸಿನ ಬಾಗಿಲ ಹಿಂದೆ, ಗೂಟದ ಮೇಲೆ, ನನ್ನದೊಂದು ಅಂಗಿ ಇತ್ತು. ಹುಟ್ಟಿದಾಗ ನೀಲಿ ಬಣ್ಣದ್ದು. ಆಮೇಲೆ ತೌಡು ಕುಡಿದೂ ಕುಡಿದೂ ತೌಡಿನದೇ ಬಣ್ಣವಾಗಿತ್ತು. ಟ್ರ್ಯಾಕ್ಟರಿನ ಸದ್ದು ಕೇಳಿದೊಡನೆ ಅದನ್ನು ತೊಟ್ಟು ಹೊರಗೆ ಬಂದು, ಈ ವರ್ಷ ಬರೀ ಲುಕ್ಸಾನು ಎನ್ನುತ್ತಿದ್ದೆ. ಒಮ್ಮೆ ನನ್ನ ಹೆಂಡತಿ ನಾಗರತ್ನ ಅದನ್ನು ಮನೆಗೊಯ್ದು ಸೋಪು ಹಾಕಿ ಒಗೆದುಬಿಟ್ಟಳು. ಮತ್ತೆ ಮೊದಲಿನ ಸ್ಥಿತಿಗೆ ತರಲು ಆ ಅಂಗಿಯನ್ನು ತೌಡು ಬೀಳುವ ಕಡೆ ವಾರಗಟ್ಟಲೆ ತೂಗುಹಾಕಬೇಕಾಯಿತು.

ಹೀಗಿರುವಾಗ ಹಂಪಿ ಹತ್ತಿರದ ರೆಸಾರ್ಟೊಂದರ ಮ್ಯಾನೇಜರು ನಮ್ಮ ಅಕ್ಕಿಯ ಸ್ಯಾಂಪಲ್ ಒಯ್ದು ಅನ್ನ ಮಾಡಿಸಿ ಉಂಡು, ಇಡೀ ವರ್ಷ ಇದೇ ಅಕ್ಕಿ ಬೇಕೆಂದು ಫೋನು ಮಾಡಿದರು. ಅಷ್ಟು ದೊಡ್ಡ ಆರ್ಡರು ನಮ್ಮ ಮಿಲ್ಲಿಗೆ ಎಂದೂ ಬಂದಿರಲಿಲ್ಲ. ಜೊತೆಗೆ, ಊಟದ ಕೋಣೆಯ ಗೋಡೆಗೆ ಹಾಕಲು ಮಾಲೀಕರ ಫೋಟೋವೂ ಬೇಕಂತೆ. ಮನೆಯಲ್ಲಿ ವಿಷಯ ತಿಳಿದ ಸಂಜೆಯೇ ನಾಗರತ್ನ ನನ್ನನ್ನು ಹೊಸಪೇಟೆಗೆ ಹೊರಡಿಸಿದಳು. ದೇಶವಿದೇಶದವರು ಉಣ್ಣುತ್ತ ನೋಡುವ ಫೋಟೋ, ಕೋಟಿಲ್ಲದೆ ಆಗುವುದಿಲ್ಲ ಎಂದಳು. ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡೆ. ಕೆಟ್ಟದಾಗೇನೂ ಇರಲಿಲ್ಲ. ಬ್ಯಾಂಕಿನವರಿಗೇ ಸಾಲ ಕೊಡುವವನಂತೆ ಕಾಣುತ್ತಿದ್ದೆ.

ಫೋಟೋದ ದಿನ ಕೋಟು ತೊಟ್ಟು ಮಿಲ್ಲಿನ ಮುಂದೆ ನಿಂತೆ. ಮ್ಯಾನೇಜರು ಬಂದರು, ಅವರ ಜೊತೆ ಕ್ಯಾಮರಾ ಹಿಡಿದ ಬೆಂಗಳೂರಿನ ಹುಡುಗಿ ಬಂದಳು. ಅವರಿಗೆ ನೀರು ಕೊಡುವಷ್ಟರಲ್ಲಿ ಹಿಂದಿನ ಗೇಟಿನಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಹುಲುಗಪ್ಪ. ರೆಸಾರ್ಟಿನವರು ಮೆಚ್ಚಿದ ಅಕ್ಕಿ ಇವನ ಹಳೆ ಭತ್ತದ್ದೇ. ಅಂಥ ಮಾಲು ಆ ಸಲ ಬೇರೆ ಯಾರ ಹತ್ತಿರವೂ ಇರಲಿಲ್ಲ. ನಾಳೆ ಬಾ ಎಂದು ನಾನು ಹೇಳಿದ್ದರೂ ಟ್ರ್ಯಾಕ್ಟರು ಇವತ್ತೇ ಸಿಕ್ಕಿತೆಂದು ಬಂದಿದ್ದ. ಆರ್ಡರು ಮುಂದೆ ನಿಂತಿತ್ತು, ಭತ್ತ ಹಿಂದೆ ನಿಂತಿತ್ತು, ನಡುವೆ ನಾನು ಕೋಟಿನಲ್ಲಿ.

ಮೊದಲು ಹಿಂದಕ್ಕೇ ಹೋದೆ. ಹುಲುಗಪ್ಪ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಯಾರದರ ಮದುವಿ ಐತೇನ್ರಿ ಸಾವ್ಕಾರ್ರ?" ಎಂದು ಕೇಳಿದ. ಫೋಟೋಕ್ಕೆ ಎಂದೆ. ಬಾಯಿಗೆ ರೂಢಿಯಾಗಿತ್ತು ನೋಡಿ, ಅದರ ಬೆನ್ನಿಗೇ ಈ ವರ್ಷ ಭಾಳ ಲುಕ್ಸಾನು ಎಂದೂ ಹೇಳಿಬಿಟ್ಟೆ. ಕೋಟಿನೊಳಗಿಂದ ಬಂದ ಆ ಮಾತು ನನಗೇ ನಂಬುವಂತಿರಲಿಲ್ಲ. ಅವನು ಟ್ರೇಲರಿಗೆ ಒರಗಿ ನಿಂತ.

ಅಷ್ಟರಲ್ಲಿ ಮ್ಯಾನೇಜರ ಜೊತೆ ನನ್ನ ಹಿಂದೆಯೇ ಬಂದಿದ್ದ ಕ್ಯಾಮರಾದ ಹುಡುಗಿ ತಲೆಯಲ್ಲಾಡಿಸಿದಳು. "ಸರ್, ಈ ಕೋಟ್ ಬೇಡ. ದಿನಾ ಕೆಲಸಕ್ಕೆ ಹಾಕ್ಕೊಳ್ಳೋ ಬಟ್ಟೇಲೇ ಇರಿ. ನಮ್ಮ ಗೆಸ್ಟ್‌ಗಳಿಗೆ ಎಲ್ಲಾ ರಿಯಲ್ ಆಗಿರಬೇಕು." ದಿನವೂ ನಾನು ತೊಡುವುದು ಇಸ್ತ್ರಿ ಅಂಗಿಯೇ ಎಂದು ಹೇಳಲು ಬಾಯಿ ತೆರೆದೆ. ನನ್ನ ಗುಮಾಸ್ತ ಖಾದರ್ ಸಾಬ್ ಅಪ್ಪನ ಕಾಲದವರು, ನಿಯತ್ತಿನ ಮನುಷ್ಯ. ಧಣಿಗೆ ತೊಂದರೆಯಾಯಿತೆಂದು ಅವರೇ ಮುಂದೆ ಬಂದರು.

"ರೈತರು ಬಂದಾಗ ಹಾಕ್ಕೋತೀರಲ್ರೀ, ಗೂಟದ ಮ್ಯಾಲಿನ ಅಂಗಿ, ಅದನ್ನ ತರ್ಲೇನ್ರಿ?"

ಹೌದೆನ್ನುವ ಮೊದಲೇ ತಂದೂ ಬಿಟ್ಟರು. ಹುಡುಗಿ ಅದನ್ನು ಕಂಡು ಅರಳಿದಳು. ಹುಲುಗಪ್ಪನ ಕಣ್ಣೆದುರೇ ಕೋಟು ಬಿಚ್ಚಿ ಬಡತನ ತೊಟ್ಟುಕೊಂಡೆ. ಅವನು ಕೈಕಟ್ಟಿ, ಬಯಲಾಟ ನೋಡಲು ಬಂದವನು ವೇಷ ಕಟ್ಟುವ ಚೌಕಿಯೊಳಗೇ ಹೊಕ್ಕವನಂತೆ ನೋಡುತ್ತಿದ್ದ. ಹುಡುಗಿ ನನ್ನ ಹೆಗಲಿಗೆ ಸ್ವಲ್ಪ ತೌಡು ಉದುರಿಸಿ ಸಾಕೇ ಎಂದು ಮ್ಯಾನೇಜರನ್ನು ಕೇಳಿದಳು. ಉತ್ತರ ಹುಲುಗಪ್ಪನಿಂದ ಬಂತು.

"ಇನ್ನೊಂಚೂರು ಹಾಕ್ರಿ ಮೇಡಂ. ನಮ್ಮ ಮುಂದ ನಿಂತಾಗ ಇದಕ್ಕಿಂತ ಜಾಸ್ತಿ ಇರತೈತಿ." ಹಾಗೆಂದು ತಾನೇ ಒಂದು ಹಿಡಿ ತಂದು ನನ್ನ ತಲೆಯ ಮೇಲೆ ಸುರಿದ. ಆಮೇಲೆ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಇಷ್ಟು ವರ್ಷ ಈ ಅಂಗಿ ನೋಡಿ ನಮ್ಮ ಮನ್ಯಾಗ ನಿಮಗ ಪಾಪ ಅಂತಿದ್ವಿ, ಸಾವ್ಕಾರ್ರ."

ಅದರ ಬೆನ್ನಿಗೇ ತನ್ನ ರೇಟು ಹೇಳಿದ, ಎಂದೂ ಕೇಳದಷ್ಟು ದೊಡ್ಡದು. ಬ್ಯಾಡ ಎನ್ನೋಣವೆಂದರೆ ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರು, ಟ್ರ್ಯಾಕ್ಟರಿನ ಎಂಜಿನ್ ಇನ್ನೂ ಚಾಲೂ ಇತ್ತು. ಆಗಲೆಂದು ತಲೆ ಆಡಿಸಿದೆ. ಅದೇ ಗಳಿಗೆಗೆ ಹುಡುಗಿ ಕ್ಯಾಮರಾ ಒತ್ತಿದಳು. ಮುಖದಲ್ಲಿ ಎಷ್ಟು ನಿಜವಾದ ಭಾವ ಬಂದಿದೆ ನೋಡಿ ಎಂದು ಮ್ಯಾನೇಜರಿಗೆ ತೋರಿಸಿದಳು. ನಿಜವಾದದ್ದೇ, ಅದರಲ್ಲಿ ಸುಳ್ಳಿಲ್ಲ.

ಫೋಟೋ ಈಗ ರೆಸಾರ್ಟಿನ ಗೋಡೆಯ ಮೇಲಿದೆ. ಪಕ್ಕದಲ್ಲಿ ತೂಗುಹಾಕುತ್ತೇವೆಂದು ಆ ಅಂಗಿಯನ್ನೂ ಕೇಳಿಕೊಂಡು ಹೋದರು. ನಾಗರತ್ನ ರೇಷ್ಮೆ ಸೀರೆ ಉಟ್ಟು ನೋಡಲು ಹೋಗಿದ್ದಳು. ಪಕ್ಕದ ಮೇಜಿನವರು ಫೋಟೋ ನೋಡಿ, ಪಾಪ, ಎಷ್ಟು ಕಷ್ಟಪಡುತ್ತಾರೆ ಎಂದರಂತೆ. ಇವಳು, ಹೌದು ಪಾಪ ಎಂದು ಹೇಳಿ ಊಟ ಮುಂದುವರಿಸಿದಳಂತೆ. ನನ್ನ ಗಂಡ ಎಂದು ಹೇಳಿಕೊಳ್ಳಲಿಲ್ಲ.

ಹುಲುಗಪ್ಪ ಈ ಕತೆ ಹೇಳಲು ಕಂಪ್ಲಿಯ ಯಾವ ಚಹಾದಂಗಡಿಯನ್ನೂ ಬಿಟ್ಟಿಲ್ಲ. ಈಗ ಎರಡೂ ಗೇಟಿಗೆ ಒಂದೇ ಇಸ್ತ್ರಿ ಅಂಗಿಯಲ್ಲಿ ಹೋಗುತ್ತೇನೆ. ಒಂಬತ್ತನೆಯ ತರಗತಿಗೆ ಓದು ಬಿಟ್ಟವನ ಹತ್ತಿರ ಇವತ್ತು ಇರುವುದಿಷ್ಟು: ಮಿಲ್ಲು ಒಂದು, ಲಾರಿ ಎರಡು, ಒಮ್ಮೆ ತೊಟ್ಟ ಕೋಟು ಒಂದು, ಬಾಗಿಲ ಹಿಂದೆ ಖಾಲಿ ಗೂಟ ಒಂದು. ಭತ್ತ ತರುವ ರೈತರು ಮೊದಲು ಎಷ್ಟಿದ್ದರೋ ಅಷ್ಟೇ ಇದ್ದಾರೆ. ಲುಕ್ಸಾನು ಎಂದರೆ ನಂಬುವವರು, ಒಬ್ಬರೂ ಇಲ್ಲ.