ಹನಗೋಡಿನ ತೊಡೆಮೂಳೆ

ಪಾರ್ಕು ನೋಡಿಕೊಳ್ಳುವವನಿಗೆ ಏನು ಮಹಾ ಕೆಲಸ, ಗಿಡಕ್ಕೆ ನೀರು ಬಿಡೋದು, ಮೇಕೆ ಓಡಿಸೋದು ಅಂತ ನಗುತ್ತೀರಿ. ನಗಿ. ಐವತ್ತರ ದಶಕದಲ್ಲಿ ಹುಣಸೂರಿನ ಪಾರ್ಕಿನ ಮೇಲ್ವಿಚಾರಕನಾಗಿ ನಾನು ಪಟ್ಟ ಪಾಡನ್ನು ಯಾವ ಅಮಲ್ದಾರರೂ ಪಟ್ಟಿರಲಾರರು. ಅದರಲ್ಲೂ ಆ ಮೂಳೆ ಬಂದ ವರ್ಷ!

೧. ಹಲ್ಲಿ

ಹನಗೋಡಿನ ಹತ್ತಿರ, ಲಕ್ಷ್ಮಣತೀರ್ಥದ ದಂಡೆಯ ಹೊಲದಲ್ಲಿ ಒಬ್ಬ ಗೌಡರು ಬಾವಿ ತೋಡಿಸುವಾಗ ಒಂದು ತೊಡೆಮೂಳೆ ಸಿಕ್ಕಿತು. ಒನಕೆಗಿಂತ ದಪ್ಪ, ಒರಳುಕಲ್ಲಿನಷ್ಟು ಭಾರ. ಸುದ್ದಿ ಕೇಳಿದ್ದೇ ಬಸ್ಸು ಹತ್ತಿ ಓಡಿದೆ. ಆದಿಕಾಲದ ದೈತ್ಯ ಪ್ರಾಣಿಗಳ ಬಗ್ಗೆ ಆಗಷ್ಟೇ ಒಂದು ಇಂಗ್ಲಿಷ್ ಪುಸ್ತಕ ಓದಿ ಮುಗಿಸಿದ್ದೆ. ಒಂದು ಸಲ ಬಗ್ಗಿ ನೋಡಿದೆ, ತೀರ್ಪು ಕೊಟ್ಟೇ ಬಿಟ್ಟೆ.

"ಇದು ಡೈನೋಸಾರ್. ಮನುಷ್ಯ ಹುಟ್ಟೋಕೆ ಮುಂಚೆ ಇದ್ದ ದೈತ್ಯ ಹಲ್ಲಿ."

"ಆನೇದಿರಬೌದಾ ಸಾಮಿ? ಕಾಕನಕೋಟೆ ಕಾಡು ಇಲ್ಲೇ ಐತಲ್ಲ" ಅಂದರು ಬಾವಿ ತೋಡುವವರು.

"ಆನೆ ಮೂಳೆ ಎಲ್ಲಾದರೂ ಕಲ್ಲಿನ ಥರ ಆಗುತ್ತೇನ್ರೀ?" ಅಂತ ಅವರ ಬಾಯಿ ಮುಚ್ಚಿಸಿದೆ.

ಗೌಡರು ತಲೆ ಕೆರೆದುಕೊಂಡರು. "ಅಲ್ಲ ಸಾಮಿ, ಬೆರಳುದ್ದದ ಹಲ್ಲಿ ತಲೆ ಮ್ಯಾಲೆ ಬಿದ್ರೇ ದೋಸ ಅಂತಾರೆ. ಇದು ಬಿದ್ರೆ?"

ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಗೌಡತಿ, "ಸುಮ್ಕಿರಿ ಅತ್ಲಾಗೆ. ದೋಸ ಕಳ್ಕೊಳ್ಳಾಕೆ ಮೊದ್ಲು ತಲೆ ಉಳೀಬೇಕಲ್ಲ" ಅಂದರು.

೨. ಗಂಜಿ

ಆ ಮೂಳೆ ನಮ್ಮ ಪಾರ್ಕಿಗೇ ಬರಬೇಕು, ಅಲ್ಲೇ ಉಳಿಯಬೇಕು ಅಂತ ನನಗೆ ಹಟ ಹಿಡಿಯಿತು. ಕೆ.ಆರ್. ನಗರದವರಿಗೆ ಚುಂಚನಕಟ್ಟೆ ಜಲಪಾತ ಇದೆ, ಹೆಗ್ಗಡದೇವನಕೋಟೆಯವರಿಗೆ ಕಾಡಾನೆ ಹಿಡಿಯುವ ಖೆಡ್ಡಾ ಇದೆ. ನಮ್ಮ ಪಾರ್ಕಿಗೆ ಏನಿದೆ? ಒಂದು ಕಾರಂಜಿ, ಅದೂ ಕೆಟ್ಟದ್ದು.

ಗೌಡರದು ಬೇರೆಯೇ ರಾಗ. "ಸತ್ತ ಜೀವದ ಮೂಳೆ ಇಂಗೆ ಬಿಸಿಲಲ್ಲಿ ಬಿದ್ದಿರಬಾರದು ಕಣ್ಸಾಮಿ. ಮಣ್ಣು ಮಾಡ್ಬೇಕು."

ಮೈಸೂರಿನಿಂದ ಪ್ರೊಫೆಸರು ಬಂದು ನೋಡುವವರೆಗಾದರೂ ಕೊಡಿ ಅಂತ ಕಾಡಿ ಬೇಡಿ ಒಪ್ಪಿಸಿದೆ. ಮೂಳೆ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಹಿಟ್ಟಿನ ಅಂಟಿನಲ್ಲಿ ಗೋಣಿತಾಟು ಅದ್ದಿ ಸುತ್ತಿದರೆ ಒಡೆಯುವುದಿಲ್ಲ ಅಂತ ಪುಸ್ತಕದಲ್ಲಿತ್ತು. ನಮ್ಮಲ್ಲಿ ಹಿಟ್ಟು ಅಂದರೆ ರಾಗಿ ಹಿಟ್ಟು. ಗಂಜಿ ಕಾಯಿಸಿಕೊಡಿ ಅಂದೆ, ಗೌಡತಿ ಹಂಡೆ ತುಂಬ ಕಾಯಿಸಿಕೊಟ್ಟರು. ಚೆನ್ನಾಗಿ ಸುತ್ತಿ, ಬಾಡಿಗೆ ಎತ್ತಿನಗಾಡಿಗೆ ಹೇರಿ, ಮಹಾರಾಜನ ಹಾಗೆ ಮುಂದೆ ಕೂತು ಹೊರಟೆ. ಹಿಂದೆ ಗೌಡರ ಗಾಡಿ.

ಹುಣಸೂರು ಸೇರಿ ಹಿಂತಿರುಗಿ ನೋಡುತ್ತೇನೆ, ಮೂಳೆ ಬೆತ್ತಲೆ! ಗೌಡರು ತಮ್ಮ ಗಾಡಿಯಲ್ಲಿ ಗೊರಕೆ ಹೊಡೆಯುತ್ತಿದ್ದರೆ, ಅವರ ಎತ್ತುಗಳು ಕತ್ತು ಚಾಚಿ ದಾರಿಯುದ್ದಕ್ಕೂ ನನ್ನ ಗಾಡಿ ನೆಕ್ಕುತ್ತಾ ಬಂದಿದ್ದವು. ಗೋಣಿಯನ್ನೂ ಬಿಟ್ಟಿರಲಿಲ್ಲ, ಪುಣ್ಯಕ್ಕೆ ಮೂಳೆಗೆ ಏನೂ ಆಗಿರಲಿಲ್ಲ. ಬರೀ ಹಿಟ್ಟಿಗೆ ಇಷ್ಟೊಂದು ಆಸೆಯೇ ಅಂತ ಬಿರುಕಿನಲ್ಲಿ ಉಳಿದಿದ್ದ ಗಂಜಿ ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು, ಮಜ್ಜಿಗೆ, ಜೀರಿಗೆ, ಎಲ್ಲಾ ಹದವಾಗಿತ್ತು.

ಆಮೇಲೆ ಕೇಳಿದ್ದಕ್ಕೆ ಗೌಡತಿಗೇ ಸಿಟ್ಟು ಬಂತು. "ಮನೆ ಬಾಗಿಲಿಗೆ ಬಂದೋರಿಗೆ ಸಪ್ಪೆ ಗಂಜಿ ಕೊಡೋ ಮನೆತನ ಅಲ್ಲ ಕಣ್ಸಾಮಿ ನಮ್ದು!"

೩. ಎಡೆ

ಹೊಂಗೆಮರದ ಕೆಳಗೆ ಕಟ್ಟೆ ಕಟ್ಟಿಸಿ ಮೂಳೆ ಇಟ್ಟೆ. ಕೆಲವೇ ದಿನದಲ್ಲಿ ಗೌಡರು ಹಾಜರು. ಅವರ ಹಸು ಹಾಲು ಕೊಡದೆ ಒದೆಯುತ್ತಿದೆಯಂತೆ. ತಿಥಿಯಾಗದ ಜೀವ ಕಾಡುತ್ತಿದೆ, ಮೂಳೆ ವಾಪಸ್ಸು ಕೊಡಿ ಅಂದರು.

"ತಿಥಿ ತಾನೇ? ಇಲ್ಲೇ ಮಾಡಿ" ಅಂದೆ.

ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡಬೇಕು. ಗೌಡರು ಮೂಳೆ ಕಡೆ ಕೈ ತೋರಿಸಿ, "ಈವಯ್ಯ ಏನು ಉಣ್ತಿದ್ದ ಸಾಮಿ? ಸೊಪ್ಪಾ, ಬಾಡಾ?" ಅಂತ ಕೇಳಿದರು.

ಗೊತ್ತಿಲ್ಲ ಅನ್ನುವ ಅಭ್ಯಾಸ ನನಗಿಲ್ಲ. "ಬಾಡು! ಸೊಪ್ಪು ತಿಂದು ಇಂಥ ಮೂಳೆ ಬೆಳೆಯುತ್ತಾ?"

ಕುರಿ ಬಿತ್ತು. ಎಲೆ ಮೇಲೆ ಮುದ್ದೆ, ಬಾಡಿನ ಸಾರು, ಮಗ್ಗುಲಲ್ಲಿ ಒಂದು ಕಟ್ಟು ಬೀಡಿ.

"ಹಲ್ಲಿಗೆ ಬೀಡಿ ಯಾಕ್ರೀ ಗೌಡ್ರೇ?"

"ನಮ್ಮಪ್ಪಂಗೂ ಇಟ್ಟಿದ್ದೋ, ನಮ್ಮ ತಾತಂಗೂ ಇಟ್ಟಿದ್ದೋ. ಇವನೊಬ್ಬಂಗೆ ಯಾಕೆ ಸಾಮಿ ಬೇದ ಮಾಡಾದು?"

ಮಾರನೆಯ ದಿನ ಹಸು ಹಾಲು ಕೊಟ್ಟಿತು. ನಾನು ಪಾರ್ಕಿನಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ.

೪. ಪ್ರೊಫೆಸರು

ಕೊನೆಗೂ ಮೈಸೂರಿನ ಪ್ರೊಫೆಸರು ಬಂದರು. ಪಾರ್ಕು ತುಂಬಾ ಜನ, ಮುಂದಿನ ಸಾಲಿನಲ್ಲೇ ಗೌಡರು, ಗೌಡತಿ. ಪ್ರೊಫೆಸರು ಕನ್ನಡಕ ಏರಿಸಿ, ಮೂಳೆಯನ್ನು ಸುತ್ತಲೂ ನೋಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು.

"ಡೈನೋಸಾರ್ ಅಲ್ಲ ಇದು. ಬಹಳ ಹಳೇ ಕಾಲದ ಆನೆ. ಮಣ್ಣಲ್ಲಿ ಇದ್ದೂ ಇದ್ದೂ ಮೂಳೆ ಪೂರ್ತಿ ಕಲ್ಲಾಗಿದೆ. ತುಂಬಾ ಅಪರೂಪ, ಜೋಪಾನವಾಗಿಡಿ."

ಗೌಡರ ಮುಖ ಬಿಳಿಚಿಕೊಂಡಿತು. "ಆನೆಯಾ? ಅಂದ್ರೆ ನಾನು ಕುರಿ ಕೊಯ್ದು ಎಡೆ ಇಟ್ಟಿದ್ದು... ಗಣಪ್ಪಂಗಾ?"

"ಬೀಡೀನೂ" ಅಂದರು ಗೌಡತಿ.

ಗೌಡರು ಕೆನ್ನೆ ಕೆನ್ನೆ ಬಡಿದುಕೊಂಡರು. "ಶಿವ ಶಿವಾ! ಗಣಪ್ಪ ಅಂದ್ಮೇಲೆ ನೀರಿಗೆ ಬುಡ್ಬೇಕು. ಎತ್ರಲಾ, ಹೊಳೆಗೆ ಒಯ್ಯಾನ!"

ನಾಲ್ಕು ಜನ ಎತ್ತಿಯೇ ಬಿಟ್ಟರು. ಪ್ರೊಫೆಸರು ಇಂಗ್ಲಿಷಿನಲ್ಲಿ ಕೂಗಾಡಿದರು, ಕೇಳುವವರು ಯಾರು? ಇಷ್ಟು ಕಷ್ಟಪಟ್ಟು ತಂದದ್ದು ಹೊಳೆಪಾಲೇ? ಓಡಿಹೋಗಿ ಗೇಟಿಗೆ ಅಡ್ಡ ನಿಂತೆ.

"ಗೌಡ್ರೇ, ನೀರಿಗೆ ಬಿಡೋದು ಯಾವ ಗಣಪತೀನ?"

"ಮಣ್ಣಿನ ಗಣಪ್ಪನ್ನ."

"ಕಲ್ಲಿನ ಗಣಪತಿ ಆದರೆ?"

"ಅದನ್ನ ಯಾರು ಬುಡ್ತಾರೆ? ಕಲ್ಲಿಂದಾದ್ರೆ ಪ್ರತಿಷ್ಠೆ ಮಾಡ್ತಾರೆ."

"ಈಗ ಪ್ರೊಫೆಸರು ಏನಂದ್ರು?"

ಗೌಡರು ಗಕ್ಕನೆ ನಿಂತರು. ಪ್ರೊಫೆಸರ ಕಡೆ ತಿರುಗಿ, "ನಿಜ್ವಾಗ್ಲೂ ಕಲ್ಲಾಗೈತಾ ಸಾಮಿ? ಇನ್ನೊಂದ್ಸಲ ತಟ್ಟಿ ತೋರ್ಸಿ" ಅಂದರು. ಪ್ರೊಫೆಸರು ತಟ್ಟಿದರು. ಠಣ್!

ಜನರೆಲ್ಲ ಕೈ ಮುಗಿದರು. ಮೂಳೆ ತಿರುಗಿ ಕಟ್ಟೆ ಏರಿತು. ಆಮೇಲೆ ಅದರ ಮೇಲೆ ಕಾಲಿಡುವುದಿರಲಿ, ಹತ್ತಿರ ಉಗುಳುವ ಧೈರ್ಯವೂ ಹುಣಸೂರಿನಲ್ಲಿ ಯಾರಿಗೂ ಬರಲಿಲ್ಲ. ನಾನು ಎಷ್ಟು ಮುಳ್ಳುಬೇಲಿ ಹಾಕಿದ್ದರೂ ಇಂಥ ಕಾವಲು ಸಿಗುತ್ತಿರಲಿಲ್ಲ.

ಅವತ್ತು ಹೊರಡುವಾಗ ಗೌಡತಿಗೆ ಮಾತ್ರ ಮನಸ್ಸು ತಡೆಯಲಿಲ್ಲ. "ಅಲ್ಲಾ, ಕುರಿ ಬಾಡು ಇಟ್ಟಿದ್ದಕ್ಕೆ ಗಣಪ್ಪ ಮುನಿಸ್ಕೊಳ್ಳಕಿಲ್ವಾ?"

ಗೌಡರು ಗಾಡಿ ಏರಿ ಎತ್ತಿನ ಬೆನ್ನು ತಟ್ಟಿದರು.

"ಏನೂ ಆಗಕಿಲ್ಲ ಬುಡೇ. ಕುರಿ ಉಂಡಾಗ ಅವನಿನ್ನೂ ಹಲ್ಲಿಯಾಗಿದ್ದ."