ಗುರುತು ಬೀಳದ ಕೊಕ್ಕೆ

ಗುಂಡ್ಲುಪೇಟೆಯಲ್ಲಿ ನಂದೊಂದು ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು ಅಂತ ತೆಪ್ಪಗಿದ್ದರೆ ಏನೂ ತಾಪತ್ರಯವಿಲ್ಲ. ಹೊಸದೇನಾದರೂ ಮಾಡೋಕೆ ಹೊರಟೆ ಅಂದರೆ ಮಾತ್ರ ಊರಿಗೆಲ್ಲ ನಗೋಕೆ ಸರಕು ಸಿಕ್ಕಿತು ಅಂತಲೇ ಲೆಕ್ಕ. ನನ್ನ ಕೆಲಸ ಕೆಟ್ಟದ್ದೇನಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದರೂ ಏನಾದರೊಂದು ಆಗೇ ಆಗುತ್ತೆ.

ಈ ಸಲ ಹೊರಟಿದ್ದು ಆಚಾರಿಗೋಸ್ಕರ. ಆಚಾರಿ ಅಂದರೆ ನಮ್ಮೂರ ಮರಗೆಲಸದವನು, ಸ್ಕೂಲಲ್ಲಿ ನನ್ನ ಜೊತೆ ಒಂದೇ ಬೆಂಚಲ್ಲಿ ಕೂತು ಏಟು ತಿಂದವನು. ದಿನಾ ಬೆಳಿಗ್ಗೆ ಎದುರಿನ ಮಲಯಾಳಿ ಕಾಕನ ಟೀ ಅಂಗಡೀಲಿ ಇಬ್ಬರದೂ ಬೈಟು, ಅಂದರೆ ಒಂದೇ ಟೀ ಇಬ್ಬರಿಗೂ ಅರ್ಧರ್ಧ. ಒಂದು ದಿನ ಟೀ ಕುಡೀತಾ ಗೋಳು ಶುರು ಮಾಡಿದ.

“ತೊಲೆ ಹೊಳ್ಳುಸಕ್ಕೆ ಹಾರೆ ಇಕ್ಕಿ ಮೀಟಿದ್ರೆ ಅಂಚೇ ಕಿತ್ಕಂಡು ಬತ್ತದೆ ಕಣ್ಲಾ. ಒಬ್ನೇ ಹೊಳ್ಳುಸ್ಬೇಕು, ಮರದ ಮ್ಯಾಲೆ ಗುರುತು ಬೀಳ್ಬಾರ್ದು. ಅಂತಾದ್ದು ಒಂದು ಮಾಡ್ಕೊಡ್ಲಾ.”

“ಅದೇನು ಮಹಾ, ಬುಡು” ಅಂದೆ. ಆ ಮಾತೇ ಆಡಬಾರದಿತ್ತು.

ಹುಲಿ

ಮೊದಲನೇದು ಹೀಗಿತ್ತು: ಉದ್ದ ಪೈಪು, ಅದರ ತುದಿಯಲ್ಲಿ ಅಲ್ಲಾಡೋ ಹಾಗೆ ಒಂದು ಬಾಗಿದ ಕಬ್ಬಿಣದ ಕೊಕ್ಕೆ. ಕೊಕ್ಕೆಯನ್ನ ತೊಲೆಗೆ ಸಿಕ್ಕಿಸಿ ಪೈಪು ಎತ್ತಿದರೆ ತೊಲೆ ಮಗ್ಗುಲು ಬದಲಾಯಿಸಬೇಕು. ಜಾರಬಾರದಲ್ಲ, ಅದಕ್ಕೇ ಕೊಕ್ಕೆ ಒಳಗೆ ಚೂಪಾದ ಹಲ್ಲು ಇಟ್ಟಿದ್ದೆ.

ತೆರಕಣಾಂಬಿಯಲ್ಲಿ ಅಂಗಡಿ ಸಾಹುಕಾರರೊಬ್ಬರು ಮನೆ ಕಟ್ಟಿಸ್ತಿದ್ದರು. ಆಚಾರಿ ಅಲ್ಲಿ ಒಬ್ಬನೇ ತೊಲೆ ಹೊರಳಿಸಿದ. ಜನ ಭೇಷ್ ಅಂದರು. ಕೊಕ್ಕೆ ತೆಗೆದು ನೋಡಿದರೆ ತೊಲೆ ಮೈತುಂಬ ತೂತು! ನೋಡೋಕೆ ಬಂದಿದ್ದ ಬೀಗರು ಕೈಯಾಡಿಸಿ, ದನಿ ತಗ್ಗಿಸಿ ಕೇಳಿದರು:

“ಹುಲಿ ಪರಚಿರದು ಕಣಪ್ಪ ಇದು. ಮರ ಬಂಡೀಪುರದ ಕಾಡಿಂದ ಬತ್ತಾ?”

ಪಾಪ, ಸಾಹುಕಾರರು ಸಾಮಿಲ್ಲಿನಿಂದ ನ್ಯಾಯವಾಗಿ ಕೊಂಡು ತಂದ ಮರ. ಅವತ್ತಿಂದ ಅವರ ಮನೆಗೆ ಯಾರು ಹೋದರೂ ಮೊದಲು ಸಾಮಿಲ್ಲಿನ ಬಿಲ್ಲು ತೋರಿಸ್ತಾರೆ, ಆಮೇಲೇ ಕಾಫಿ.

ಅಳಿಯನ ಬೈಕು

ಹಲ್ಲು ಕಿತ್ತೆ. ಆ ಜಾಗಕ್ಕೆ ಹಳೇ ಬೈಕಿನ ಟೈರು ಕತ್ತರಿಸಿ ಬೋಲ್ಟು ಹಾಕಿದೆ, ಹಿಡಿತ ಚೆನ್ನಾಗಿರಲಿ ಅಂತ ಟೈರಿನ ಗೀರೆಲ್ಲ ಹೊರಗೆ. ಕಬ್ಬಿಣ ಮರಕ್ಕೆ ತಾಕೋ ಹಾಗೇ ಇಲ್ಲ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಭೀಮನಬೀಡಲ್ಲಿ ಒಬ್ಬ ಅಜ್ಜಿಯ ಮನೆ. ಹಲಸಿನ ತೊಲೆ, ಅರಿಶಿನದ ಬಣ್ಣದ್ದು, ಕಣ್ಣಿಗೆ ಹಬ್ಬ. ಆಚಾರಿ ಹೊರಳಿಸಿಟ್ಟು ಊಟಕ್ಕೆ ಹೋದ. ಅಜ್ಜಿ ಬಂದು ನೋಡ್ತಾರೆ, ಹಳದಿ ತೊಲೆ ಮೇಲೆ ಅಡ್ಡಡ್ಡ ಕರೀ ಟೈರಿನ ಗುರುತು! ಅದೇ ಹೊತ್ತಿಗೆ ಅವರ ಅಳಿಯ ಬೈಕು ನಿಲ್ಲಿಸಿ ಒಳಗೆ ಬಂದ.

“ಏನಪ್ಪಾ ಅಳಿಮಯ್ಯ, ಅಷ್ಟುದ್ದ ರೋಡು ಸಾಲ್ದೇ ಓಯ್ತಾ ನಿನ್ಗೆ? ನನ್ ತೊಲೇ ಮ್ಯಾಲೆಯೇ ಓಡುಸ್ಬೇಕಿತ್ತಾ?”

ಅಳಿಯ ಒಂದು ಸಲ ತೊಲೆ ನೋಡಿದ, ಒಂದು ಸಲ ತನ್ನ ಟೈರು ನೋಡಿದ. ಕೊನೆಗೆ ಅವನಿಗೇ ಅನುಮಾನ ಬಂದು “ತಪ್ಪಾಯ್ತು ಅತ್ತೆ” ಅಂದುಬಿಟ್ಟ. ಆಚಾರಿ ಬಂದು ನಿಜ ಹೇಳಿದರೂ ಅಜ್ಜಿ ನಂಬಲಿಲ್ಲ. ಈಗಲೂ ಅಳಿಯ ಬೀದಿ ತಿರುವಿನಲ್ಲೇ ಇಳಿದು ಬೈಕು ತಳ್ಳಿಕೊಂಡು ಬರ್ತಾನೆ.

ಫುಲ್ ಟೀ

ಆಚಾರಿ ಅಂಗಡಿಗೆ ಬಂದು ಕೊಕ್ಕೆಯನ್ನ ನನ್ನ ಕಾಲ ಹತ್ತಿರ ಎಸೆದ.

“ನಿನ್ ಗುರುತು ಹೋಗ್ಲಿ ಅಂತ ಕೆತ್ತಿ ಕೆತ್ತಿ ರಟ್ಟೆ ಬಿದ್ದೋಯ್ತು ಕಣ್ಲಾ. ಗುರುತು ಬೀಳ್ದೇ ಇರದು ಮಾಡ್ಕೊಡೋ ಗಂಟ ನಮ್ಮಿಬ್ರ ಬೈಟು ಬಂದ್ ಅನ್ಕೋ.”

ತಮಾಷೆ ಅಂದುಕೊಂಡೆ. ಮಾರನೇ ದಿನ ನೋಡಿದರೆ ಆಚಾರಿ ಬೇರೆ ಬೆಂಚಲ್ಲಿ ಕೂತು ಒಂದು ಫುಲ್ ಟೀ ಒಬ್ಬನೇ ಕುಡೀತಿದ್ದಾನೆ! ಕಾಕ ನನ್ನ ಮುಖ ನೋಡಿ “ನಿಮಗೆ ಅರ್ಧಾನಾ, ಫುಲ್ಲಾ?” ಅಂದ. ಟೀ ಕುಡಿಯದೇ ಎದ್ದು ಬಂದೆ.

ಮನೇಲಿ ನನ್ನ ಹೆಂಡತಿ ಕೊಕ್ಕೆ ತಿರುಗಿಸಿ ನೋಡಿದಳು. “ಮೆತ್ತಗಿರೋದು ಏನಾದ್ರೂ ಹಾಕ್ಬಾರ್ದೇನ್ರೀ? ತೊಲೆ ಏನು ನಿಮ್ಮ ದಾಯಾದಿಯಾ?” ಅಂದವಳೇ ನನ್ನ ಕಂಬಳಿಗೆ ಕತ್ತರಿ ಹಾಕಿದಳು. ಅದನ್ನ ಮಡಿಸಿ ಮಡಿಸಿ ದಪ್ಪನೆ ಮೂರು ಪಟ್ಟಿ ಹೊಲಿದು, ಕೊಕ್ಕೆ ಒಳಗೆ ಸಾಲಾಗಿ ಕಟ್ಟಿದಳು. ಅಂಗಡೀಲಿದ್ದ ತೇಗದ ದಿಮ್ಮಿ ಮೇಲೆ ಹಾಕಿ ಹೊರಳಿಸಿದೆ. ಜಾರಲಿಲ್ಲ. ಕನ್ನಡಕ ಹಾಕಿ ಹುಡುಕಿದರೂ ಒಂದು ಗೀರಿಲ್ಲ!

“ಅದು ಸರಿ, ಚಳಿಗೆ ನಾನೇನು ಹೊದ್ಕೊಳ್ಳಿ?” ಅಂದೆ.

“ತೊಲೆ ಹೊದ್ಕೊಂಡು ಮಿಕ್ಕಿದ್ರೆ ಕೊಡ್ತೀನಿ” ಅಂದಳು.

ಹರದನಹಳ್ಳಿಯ ಬಾಗಿಲು

ಆಚಾರಿಯ ಕೈಕಾಲು ಹಿಡಿದು “ಇದೊಂದು ಸಲ ನೋಡ್ಲಾ” ಅಂತ ಒಪ್ಪಿಸಿದೆ. ಹರದನಹಳ್ಳಿಯಲ್ಲಿ ಹೊಸ ಮನೆಗೆ ಬಾಗಿಲು ನಿಲ್ಲಿಸೋ ಶಾಸ್ತ್ರ. ಹಣೆ ತುಂಬ ವಿಭೂತಿ ಬಳಿದ ಯಜಮಾನರು, ಅರಿಶಿನ ಕುಂಕುಮದ ತಟ್ಟೆ ಹಿಡಿದ ಹೆಂಗಸರು, ನೆಂಟರು, ಎಲ್ಲ ಸೇರಿದ್ದರು. ಬಾಗಿಲ ಮೇಲೆ ಕೂರಬೇಕಾದ ತೇಗದ ತೊಲೆ ಎಣ್ಣೆ ಕುಡಿದು ಮಿರಮಿರ ಅಂತಿತ್ತು. ಆಚಾರಿ ಕೊಕ್ಕೆ ಸಿಕ್ಕಿಸಿ ಒಬ್ಬನೇ ಎತ್ತಿದ. ತೊಲೆ ಮೆಲ್ಲಗೆ ಹೊರಳಿತು. ಕೊಕ್ಕೆ ತೆಗೆದ.

ತೊಲೆ ನಟ್ಟನಡುವೆ ಮೂರು ಬಿಳೀ ಗೆರೆ!

ಆಚಾರಿ ನನ್ನನ್ನ ನೋಡಿದ ನೋಟ ನನ್ನ ಶತ್ರುವಿಗೂ ಬೇಡ. ಓಡಿಹೋಗಿ ಕೊಕ್ಕೆ ಒಳಗೆ ನೋಡಿದೆ. ಕಂಬಳಿ ಪಟ್ಟಿಗಳೆಲ್ಲ ಒದ್ದೆ ಒದ್ದೆ, ಬೆಳ್ಳಗೆ. ಆಗ ಹೊಳೆಯಿತು. ಹೊಸ ಸಾಮಾನು ಪೂಜೆ ಇಲ್ಲದೆ ಕೆಲಸಕ್ಕೆ ಹೋಗಬಾರದು ಅಂತ ಹೆಂಡತಿ ಬೆಳಿಗ್ಗೆ ಅದಕ್ಕೆ ಪೂಜೆ ಮಾಡಿದ್ದಳು. ಪೈಪಿನ ಮೇಲಿನ ಕುಂಕುಮ ನಾನೂ ನೋಡಿದ್ದೆ. ಕಂಬಳಿ ಪಟ್ಟಿಗಳಿಗೆ ವಿಭೂತಿ ಕಲಸಿ ಧಾರಾಳವಾಗಿ ಬಳಿದಿದ್ದು ನೋಡಿರಲಿಲ್ಲ.

ಆಚಾರಿ ಹೆಗಲ ಮೇಲಿನ ಟವೆಲ್ ತೆಗೆದು ಒರೆಸೋಕೆ ಬಗ್ಗಿದ.

“ಏಯ್! ಮುಟ್ಬ್ಯಾಡ ಕಣ!” ಯಜಮಾನರು ಕೂಗಿದರು. ಕಣ್ಣಲ್ಲಿ ನೀರು. “ನಾವು ಪೂಜೆ ಸುರು ಮಾಡಕೆ ಮುಂಚೇನೆಯ ಶಿವ ಬಂದು ಕುಂತವ್ನಲ್ಲಪ್ಪಾ!”

ಎಲ್ಲರೂ ಕೈ ಮುಗಿದರು. ಸುಳ್ಳಿಗೆ ಕೈ ಮುಗಿಸಬಾರದು ಅಂತ ನಾನು ತಡವರಿಸುತ್ತಾ ಅಂದೆ: “ಬುದ್ಧೀ, ಅದು ಶಿವ ಅಲ್ಲ, ನನ್ನ ಹೆಂಡ್ತಿ.”

“ಶಿವನೇ ನಿನ್ ಹೆಂಡ್ತಿ ಕೈಲಿ ಬಳಿಸವ್ನೆ. ನೀನು ಸುಮ್ಕಿರು” ಅಂದರು. ಆ ಗೆರೆ ಅಳಿಸದ ಹಾಗೆ ಮೇಲೆ ಪಾಲಿಶ್ ಬೇರೆ ಹಾಕಿಸಿದರು.

ಕೊನೆಗೆ ಬೈಟು

ಮಾರನೇ ಬೆಳಿಗ್ಗೆ ಹೆದರುತ್ತಲೇ ಕಾಕನ ಅಂಗಡಿಗೆ ಹೋದೆ. ಆಚಾರಿ ನಮ್ಮ ಹಳೇ ಬೆಂಚಲ್ಲೇ ಕೂತಿದ್ದ, ಮುಖ ಗಂಟು ಹಾಕಿಕೊಂಡು.

“ಗುರುತು ಬೀಳ್ದೇ ಇರದು ಮಾಡ್ಲಾ ಅಂದ್ರೆ, ಒರಸಂಗೇ ಇಲ್ದಿರ ಗುರುತು ಮಾಡ್ಬುಟ್ಟಲ್ಲೋ!” ಅಂದ. ಆಮೇಲೆ ತಡೆಯೋಕಾಗದೆ ಹೊಟ್ಟೆ ಹಿಡಿದು ನಕ್ಕ. “ಕಾಕಾ, ಬೈಟು!” ಅಂತ ಕೂಗಿದ. ಜೀವ ಬಂದ ಹಾಗಾಯ್ತು ನನಗೆ.

ಇಬ್ಬರೂ ಒಂದು ಗುಟುಕು ಕುಡಿದಿದ್ದೆವೋ ಇಲ್ಲವೋ, ಚಾಮರಾಜನಗರದಿಂದ ಬಂದಿದ್ದ ಹಿರಿಯರೊಬ್ಬರು ನನ್ನ ಮುಂದೆ ನಿಂತರು. ಹಣೆ ಮೇಲೆ ಉದ್ದಕ್ಕೆ ಕೆಂಪು ಬಿಳಿ ನಾಮ.

“ಹರದನಳ್ಳಿ ತೊಲೆ ಕೊಕ್ಕೆ ಮಾಡ್ದೋರು ನೀವೇನಾ? ನಮ್ಗೂ ಒಂದು ಬೇಕಾಗಿತ್ತು. ನಮ್ದು ನಾಮದೋರ ಮನೆ, ಪಟ್ಟಿ ಮಾತ್ರ ಉದ್ದಕ್ಕೆ ಕಟ್ಕೊಡಿ. ನಡೂವಿಂದು ಕೆಂಪಿರ್ಲಿ.”

ಆಚಾರಿ ಬಾಯಲ್ಲಿದ್ದ ಟೀ ಅಷ್ಟೂ ನನ್ನ ಬಿಳೀ ಅಂಗಿ ಮೇಲೆ ಬಿತ್ತು. ಹೆಂಡತಿ ಎಷ್ಟು ಉಜ್ಜಿದರೂ ಆ ಗುರುತು ಮಾತ್ರ ಇವತ್ತಿಗೂ ಹೋಗಿಲ್ಲ.