ಜಲಪಾತದ ಎಡಮೂಲೆ

ಛತ್ರಿ ತನ್ನದೇ. ಅದರಲ್ಲಿ ಅನುಮಾನವಿಲ್ಲ. ಕಪ್ಪು ಬಟ್ಟೆಗೆ ಹಳೆಯ ಪರದೆಯ ಹಳದಿ ತುಂಡಿನ ತೇಪೆ ಹಾಕಿದ ಛತ್ರಿ ಜಗತ್ತಿನಲ್ಲಿ ಎರಡು ಇರಲಾರದು. ಆದರೆ ಅದರ ಕೆಳಗಿನ ಮನುಷ್ಯ? ಇಷ್ಟು ನೆಟ್ಟಗೆ ತಾನು ಎಂದಾದರೂ ನಿಂತಿದ್ದುಂಟೆ?

ಅಂಚೆ ಕಚೇರಿಯ ಮೂರನೆಯ ಕೌಂಟರಿನ ಗುಮಾಸ್ತ ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರಕ್ಕೆ ಹಿಡಿದ. ಎದುರಿಗೆ ಆ ದಿನ ಬಿಡುಗಡೆಯಾಗಬೇಕಿದ್ದ ಹೊಸ ಸ್ಮರಣಾರ್ಥ ಅಂಚೆಚೀಟಿಯ ಹಾಳೆಗಳು. ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಹಸಿರು ಬಂಡೆ, ಬಂಡೆಯ ಮೇಲಿಂದ ಹಾಲಿನಂತೆ ಬೀಳುವ ನೀರು, ಕೆಳಗೆ ಎಡಮೂಲೆಯ ಕಟಕಟೆಯ ಹತ್ತಿರ ಎಳ್ಳಿನಷ್ಟು ದೊಡ್ಡ ಒಬ್ಬ ಮನುಷ್ಯ, ಬೆನ್ನು ಹಾಕಿ ನಿಂತವನು. ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಎಂದು ತೋರಿಸಲು ಫೋಟೋ ತೆಗೆದವನಿಗೆ ಒಬ್ಬ ಕುಳ್ಳ ಮನುಷ್ಯ ಬೇಕಾಗಿದ್ದಿರಬೇಕು. ಸಿಕ್ಕಿಬಿಟ್ಟಿದ್ದ.

ಮೂರು ವರ್ಷದ ಹಿಂದಿನ ಮಾತು. ಭಾವಮೈದ ಮನೆ ಬದಲಾಯಿಸುವ ದಿನ. ಕಬ್ಬಿಣದ ಬೀರು ಹೊರುವ ಕೆಲಸ ತನ್ನ ಹೆಗಲಿಗೇ ಬರುವುದೆಂದು ಖಚಿತವಾದಾಗ ಅವನು ಹೆಂಡತಿಗೆ 'ಆಫೀಸಲ್ಲಿ ರಜೆ ಇಲ್ಲ' ಎಂದ. ಆಫೀಸಿಗೆ 'ಚಳಿಜ್ವರ' ಎಂದ. ಡಾಕ್ಟರ ಚೀಟಿಯನ್ನೂ ಹೊಂದಿಸಿದ. ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಸ್ ನಿಲ್ದಾಣದಲ್ಲಿ ಮೊದಲು ಹೊರಟ ಬಸ್ಸು ಹತ್ತಿದ. ಆ ಬಸ್ಸು ಜಲಪಾತಕ್ಕೆ ಹೋಗುತ್ತಿತ್ತು.

ಈಗ ಅದೆಲ್ಲ ಚೀಟಿಯಾಗಿ ಅಚ್ಚಾಗಿ, ಹಿಂಬದಿಗೆ ಅಂಟು ಹಚ್ಚಿಸಿಕೊಂಡು ಬಂದಿತ್ತು. ಹೆಡ್ ಗುಮಾಸ್ತನ ಬಡ್ತಿಗೆ ಅವನ ಹೆಸರು ಮೇಲಿನ ಕಚೇರಿಗೆ ಹೋಗಿ ಎಂಟು ದಿನವೂ ಆಗಿರಲಿಲ್ಲ. ಸುಳ್ಳು ಜ್ವರ ಬಯಲಾದರೆ ಬಡ್ತಿ ಹಾಗಿರಲಿ, ಕುರ್ಚಿಯೂ ಉಳಿಯದು. ಇನ್ನು ಮನೆಯಲ್ಲಿ? ಅದನ್ನು ಅವನು ಯೋಚಿಸಲೇ ಹೋಗಲಿಲ್ಲ.

"ಏನ್ಸಾರ್, ಜಲಪಾತದೊಳಗೆ ಇಳಿದೇಬಿಟ್ರಾ?" ಉಳಿತಾಯದ ಕೌಂಟರಿನಿಂದ ಮಹಿಳೆಯೊಬ್ಬಳ ದನಿ. ಕಚೇರಿಯವರೆಲ್ಲ ಅವಳನ್ನು ಬೆನ್ನಹಿಂದೆ ರೇಡಿಯೋ ಎನ್ನುತ್ತಿದ್ದರು. ಒಂದು ವ್ಯತ್ಯಾಸವೆಂದರೆ ರೇಡಿಯೋಗೆ ಆರಿಸುವ ಗುಂಡಿ ಇರುತ್ತದೆ.

"ಇಲ್ಲಮ್ಮ, ಅಚ್ಚು ಸರಿಯಾಗಿದೆಯಾ ಅಂತ ನೋಡ್ತಿದ್ದೆ."

"ನೋಡ್ತಾ ಕೂತ್ರೆ ಆಯ್ತು. ಹನ್ನೆರಡಕ್ಕೆ ಕಾರ್ಯಕ್ರಮ. ಆರುನೂರು ಕವರ್‌ಗೆ ಮುದ್ರೆ ಬೀಳ್ಬೇಕು. ಮನೆಯವರನ್ನೂ ಕರ್ಕೊಂಬನ್ನಿ ಅಂತ ಸಾಹೇಬ್ರು ಹೇಳಿದಾರಲ್ಲ, ನಿಮ್ಮ ಮನೆಯವ್ರಿಗೆ ನಾನೇ ಫೋನ್ ಮಾಡ್ಬಿಟ್ಟೆ. ಬರ್ತಾರಂತೆ!"

ಆಫೀಸಿನವರಿಗೆ ಕಾಣದಿರಬಹುದು. ಹದಿನೆಂಟು ವರ್ಷ ಸಂಸಾರ ಮಾಡಿದವಳು ಗಂಡನ ಬೆನ್ನು ಗುರುತಿಸದಿರುತ್ತಾಳೆಯೆ?

ಚೀಟಿ ಬಿಡುಗಡೆಯಾದ ದಿನವೇ ಅದನ್ನು ಅಂಟಿಸಿ ವಿಶೇಷ ಮುದ್ರೆ ಒತ್ತಿದ ಲಕೋಟೆಯೆಂದರೆ ಸಂಗ್ರಹಕಾರರಿಗೆ ಪ್ರಾಣ. ಮುದ್ರೆ ಒತ್ತುವುದು ಗುಮಾಸ್ತನ ಕೆಲಸ. ಮೊದಲ ಲಕೋಟೆ ಎಳೆದುಕೊಂಡಾಗ ಅವನ ತಲೆಯಲ್ಲಿ ಬೆಳಕು ಹೊಳೆಯಿತು. ಹತ್ತೊಂಬತ್ತು ವರ್ಷದಿಂದ ಕೈಯಲ್ಲೇ ಇದ್ದ ಆಯುಧ! ಚೀಟಿಯ ಎಡ ಅಂಚಿಗಷ್ಟೇ ತಾಗಬೇಕಿದ್ದ ಠಸ್ಸೆಯನ್ನು ಪ್ಯಾಡಿಗೆ ಚೆನ್ನಾಗಿ ಒತ್ತಿ, ಒಂದು ಬೆರಳಷ್ಟು ಬಲಕ್ಕೆ ಸರಿಸಿ ಗುದ್ದಿದ. ಎಡಮೂಲೆ ಕಪ್ಪಾಯಿತು. ಮನುಷ್ಯನೂ ಇಲ್ಲ, ಛತ್ರಿಯೂ ಇಲ್ಲ.

ಒಂದು. ಎರಡು. ಮೂರು. ತನ್ನನ್ನೇ ತಾನು ಇಷ್ಟು ಸಲ ಹೊಡೆದು ಹಾಕುವ ಅವಕಾಶ ಯಾವ ಮನುಷ್ಯನಿಗೆ ಸಿಕ್ಕೀತು? ಇನ್ನೂರು ದಾಟುವ ಹೊತ್ತಿಗೆ ಅವನಿಗೆ ಅದರಲ್ಲಿ ಒಂದು ಬಗೆಯ ರುಚಿಯೂ ಹತ್ತಿತು.

"ರೀ ಸ್ವಾಮಿ! ಏನ್ ಮಾಡ್ತಿದೀರಾ?"

ಕೌಂಟರಿನ ಕಂಡಿಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಕನ್ನಡಕ. ಊರಿನಲ್ಲಿ ಅಂಚೆಚೀಟಿ ಕೂಡಿಡುವವರಲ್ಲಿ ಅವರೇ ಹಿರಿಯರು, ತಕರಾರಿನಲ್ಲಂತೂ ಅವರಿಗೆ ಹಿರಿಯರೇ ಇರಲಿಲ್ಲ.

"ಮುದ್ರೆ ಅನ್ನೋದು ಚೀಟಿ ಅಂಚನ್ನ ಹೀಗೆ ಸವರ್ಕೊಂಡು ಹೋಗ್ಬೇಕು, ತಾಯಿ ಮಗೂ ಕೆನ್ನೆ ಸವರಿದ ಹಾಗೆ. ನೀವು ತಿಗಣೆ ಹೊಡ್ದ ಹಾಗೆ ಹೊಡೀತಿದೀರಲ್ರೀ!"

"ಪ್ಯಾಡು ಹೊಸದು ಮೇಷ್ಟ್ರೇ, ಮಸಿ ಜಾಸ್ತಿ."

"ಮಸಿ ಜಾಸ್ತಿ ಆದ್ರೆ ಎಲ್ಲಾ ಕಡೆ ಬೀಳ್ಬೇಕು. ನಿಮ್ದು ಒಂದೇ ಮೂಲೆಗೆ ಬೀಳ್ತಿದೆ. ಅಲ್ಲಿ ಏನಿದೆ ಅಂಥದ್ದು?"

"ಏನೂ ಇಲ್ಲ. ಹುಲ್ಲು."

ಮೇಷ್ಟ್ರು ಅನುಮಾನದಿಂದ ತಮ್ಮ ಜೇಬಿನ ಮಸೂರ ತೆಗೆದರು. ಗುಮಾಸ್ತ ಕಂಡಿಯ ಬಾಗಿಲು ಎಳೆದು 'ಊಟದ ವೇಳೆ' ಫಲಕ ಇಟ್ಟುಬಿಟ್ಟ. ಗಂಟೆ ಆಗ ಹತ್ತೂವರೆ.

ಆರುನೂರನೆಯ ಲಕೋಟೆ ಮುಗಿದು ಬೆನ್ನು ನೀವಿಕೊಳ್ಳುವಷ್ಟರಲ್ಲಿ ಇಬ್ಬರು ಒಂದು ದೊಡ್ಡ ಹಲಗೆಯನ್ನು ಹೊತ್ತು ತಂದು ಸಭೆಯ ಜಾಗದಲ್ಲಿ ನಿಲ್ಲಿಸಿದರು. ಅದೇ ಅಂಚೆಚೀಟಿ, ಬಾಗಿಲಿನಷ್ಟು ಎತ್ತರಕ್ಕೆ ಹಿಗ್ಗಿಸಿದ್ದು. ಎಳ್ಳಿನಷ್ಟಿದ್ದವನು ಈಗ ಗೇಣುದ್ದವಾಗಿದ್ದ. ತೇಪೆಯ ಹೊಲಿಗೆ ಕೂಡ ಎಣಿಸಬಹುದಿತ್ತು.

ಇದಕ್ಕೆ ಯಾವ ಠಸ್ಸೆಯೂ ಸಾಲದು. ಗುಮಾಸ್ತ ಮೊದಲು ಹೂವಿನ ಕುಂಡವೊಂದನ್ನು ಎಳೆದು ತಂದು ಎಡಮೂಲೆಗೆ ಅಡ್ಡ ಇಟ್ಟ. ರೇಡಿಯೋ ಅದನ್ನು ಮೇಜಿನ ಹತ್ತಿರ ಸಾಗಿಸಿದಳು. ಕುರ್ಚಿ ಇಟ್ಟ. ಅದರಲ್ಲಿ ಯಾರೋ ಕೂತು, ಕಾಣುವುದಿಲ್ಲವೆಂದು ಮುಂದಕ್ಕೆ ಜರುಗಿಸಿಕೊಂಡರು. ಕೊನೆಗೆ ಬೇರೆ ದಾರಿ ಕಾಣದೆ ತಾನೇ ಹೋಗಿ ಅಡ್ಡ ನಿಂತ. ತನ್ನ ಚಿತ್ರಕ್ಕೆ ತನ್ನದೇ ಮರೆ. ಹೆಂಡತಿ ಬಂದು ಎರಡನೆಯ ಸಾಲಿನಲ್ಲಿ ಕೂತು, 'ಅಲ್ಲಿ ಯಾಕೆ ಗೂಟದ ಹಾಗೆ ನಿಂತಿದೀರಿ, ಈ ಕಡೆ ಬನ್ನಿ' ಎಂದು ಕಣ್ಣಲ್ಲೇ ಗದರಿದಳು. ಅವನು ಕದಲಲಿಲ್ಲ.

ಮುಖ್ಯ ಅತಿಥಿ ಪ್ರಕೃತಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಆ ಮುಕ್ಕಾಲು ಗಂಟೆಯೂ ಅವನು ನಿಂತೇ ಇದ್ದ. ಕೊನೆಗೆ ಪೋಸ್ಟ್‌ಮಾಸ್ಟರರು, "ಎಲ್ರೀ, ಕವರ್ ತಟ್ಟೆ ತಗೊಂಡ್ ಬನ್ನಿ" ಎಂದರು. ಎರಡನೆಯ ಸಲ ಕರೆದಾಗ ದನಿ ಗಟ್ಟಿಯಾಯಿತು. ಹೋಗಲೇಬೇಕಾಯಿತು.

ಅವನು ತಟ್ಟೆ ಎತ್ತಿಕೊಂಡು ನಾಲ್ಕು ಹೆಜ್ಜೆ ಇಟ್ಟಿದ್ದಷ್ಟೇ.

"ಅಯ್ಯೋ! ಆ ಛತ್ರಿ ನೋಡ್ರೀ!" ರೇಡಿಯೋ ಕೂಗಿದಳು. "ಹಳದಿ ತೇಪೆ! ಇದನ್ನ ನಾನು ದಿನಾ ನೋಡ್ತೀನಲ್ಲ!"

ಗುಮಾಸ್ತ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದ. ಹೇಳಿಬಿಡಲೆ? ಹೌದು, ಜ್ವರ ಇರಲಿಲ್ಲ, ತಪ್ಪಾಯ್ತು ಎಂದು?

"ಇದು ನಮ್ಮ ಸಾಹೇಬ್ರ ಛತ್ರಿ!"

ಭಯದಲ್ಲಿ ಅವನಿಗೆ ಅದು ಮರೆತೇಹೋಗಿತ್ತು. ಎರಡು ವರ್ಷದ ಹಿಂದೆ ಒಂದು ಸಂಜೆ ಜೋರು ಮಳೆಯಲ್ಲಿ ಪೋಸ್ಟ್‌ಮಾಸ್ಟರರು, 'ನಾಳೆ ಕೊಡ್ತೀನಿ' ಎಂದು ಅವನ ಛತ್ರಿ ಒಯ್ದಿದ್ದರು. ಆ ನಾಳೆ ಇನ್ನೂ ಬಂದಿರಲಿಲ್ಲ. ಛತ್ರಿ ಅವರ ಕುರ್ಚಿಯ ಹಿಂದಿನ ಮೊಳೆಗೆ ನೇತಾಡುತ್ತಿತ್ತು; ಕಳೆದ ವರ್ಷ ವರ್ಗವಾಗಿ ಬಂದ ರೇಡಿಯೋ ಅದನ್ನು ಕಂಡಿದ್ದು ಅಲ್ಲಿ ಮಾತ್ರ. ಅವನು ಕೇಳಿರಲಿಲ್ಲ.

ಎಲ್ಲರೂ ಪೋಸ್ಟ್‌ಮಾಸ್ಟರರತ್ತ ತಿರುಗಿದರು. ಅವರು ಹಲಗೆಯನ್ನು ನೋಡಿದರು. ಅತಿಥಿಯನ್ನು ನೋಡಿದರು. ಗುಮಾಸ್ತನ ಮುಖದ ಮೇಲೂ ಒಂದು ಕ್ಷಣ ಕಣ್ಣು ನಿಲ್ಲಿಸಿದರು. ಅವನು ತಲೆ ತಗ್ಗಿಸಿದ. ಪೋಸ್ಟ್‌ಮಾಸ್ಟರರು ಗಂಟಲು ಸರಿಮಾಡಿಕೊಂಡರು.

"ಹೇಳ್ಬಾರ್ದು ಅಂತಿದ್ದೆ. ನನಗೆ ಪ್ರಚಾರ ಇಷ್ಟ ಇಲ್ಲ. ಆಗಾಗ ಹೀಗೆ ಒಬ್ನೇ ಹೋಗಿ ನಿಂತ್ಕೊಳ್ತೀನಿ..."

ಚಪ್ಪಾಳೆ ಜಲಪಾತದ ಹಾಗೆ ಸುರಿಯಿತು. ಅತಿಥಿ ಎದ್ದು ಕೈಕುಲುಕಿದರು. ಯಾರೋ ತಟ್ಟೆಯಿಂದ ನಾಲ್ಕು ಲಕೋಟೆ ಎತ್ತಿ ಹಿಂದಿನ ಸಾಲಿಗೆ ದಾಟಿಸಿದರು. ರೇಡಿಯೋ ಗುಮಾಸ್ತನ ಹೆಂಡತಿಯ ಪಕ್ಕಕ್ಕೆ ಜರುಗಿ, "ಹಿಂದಿನಿಂದ ಸ್ವಲ್ಪ ನಿಮ್ಮ ಯಜಮಾನ್ರ ಹಾಗೂ ಕಾಣುತ್ತಲ್ವಾ?" ಎಂದಳು.

ಹೆಂಡತಿ ಹಲಗೆಯನ್ನು ದೀರ್ಘವಾಗಿ ನೋಡಿದಳು. ಅವನು ಉಸಿರು ಹಿಡಿದ. ಭಯದಿಂದಲೋ ಆಸೆಯಿಂದಲೋ ಅವನಿಗೇ ತಿಳಿಯಲಿಲ್ಲ.

"ಬಿಡ್ರೀ," ಎಂದಳು ಅವಳು ನಗುತ್ತ. "ನಮ್ಮೋರು ಇಷ್ಟು ನೆಟ್ಟಗೆ ಎಲ್ಲಿ ನಿಲ್ತಾರೆ?"

ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ಬದುಕಿದೆ ಎಂದುಕೊಳ್ಳಬೇಕು, ಅಷ್ಟರಲ್ಲಿ ಹಿಂದಿನ ಸಾಲಿನಿಂದ ಡ್ರಾಯಿಂಗ್ ಮೇಷ್ಟ್ರು ಎದ್ದರು. ಒಂದು ಕೈಯಲ್ಲಿ ಲಕೋಟೆ, ಇನ್ನೊಂದರಲ್ಲಿ ಮಸೂರ.

"ಪೋಸ್ಟ್‌ಮಾಸ್ಟರ್ ಸಾಹೇಬ್ರೇ, ಹಾಗಾದ್ರೆ ಇದೇನು? ನನ್ನ ಕವರಲ್ಲಿ ನಿಮ್ಮ ಮೇಲೇ ಮಸಿ! ಇವ್ರ ಕವರಲ್ಲೂ! ಈ ಮನುಷ್ಯ ಬೆಳಿಗ್ಗೆಯಿಂದ ಗುರಿಯಿಟ್ಟು ಹೊಡೀತಿದ್ದ, ನಾನು ಕಣ್ಣಾರೆ ನೋಡಿದೀನಿ. ಹುಲ್ಲು ಅಂದ, ಸಾರ್! ನಿಮ್ಮನ್ನ ಹುಲ್ಲು ಅಂದ!"

ತಟ್ಟೆಯಲ್ಲಿ ಉಳಿದಿದ್ದ ಲಕೋಟೆಗಳೂ ಕೈಯಿಂದ ಕೈಗೆ ಹೋದವು. ಒಂದಾದರೂ ತಪ್ಪಿರಬೇಕಲ್ಲ? ಇಲ್ಲ. ಅವನ ವೃತ್ತಿಜೀವನದಲ್ಲೇ ಇಷ್ಟು ಕರಾರುವಾಕ್ಕಾದ ಕೆಲಸ ಆಗಿರಲಿಲ್ಲ. ಪೋಸ್ಟ್‌ಮಾಸ್ಟರರ ಮುಖ ಅಂಟು ಸವರಿದ ಲಕೋಟೆಯಂತೆ ಮುಚ್ಚಿಕೊಂಡಿತು.

ಮೂರು ಗಂಟೆಗೆ ಮೆಮೋ ಬಂತು. 'ಮೇಲಧಿಕಾರಿಯ ಆಕೃತಿಯನ್ನು ಉದ್ದೇಶಪೂರ್ವಕವಾಗಿ ಆರುನೂರು ಬಾರಿ ವಿರೂಪಗೊಳಿಸಿದ್ದಕ್ಕೆ ಕಾರಣ ನೀಡಿ.' ಅವನು ಒಳಗೆ ಹೋದ.

"ಸಾರ್, ನಿಮ್ಮ ಮೇಲೆ ನನಗೆ ಯಾವ ದ್ವೇಷವೂ ಇಲ್ಲ ಸಾರ್."

"ಮತ್ತೆ ಯಾರ ಮೇಲಿತ್ತು?"

ಇದಕ್ಕೆ ಅವನಲ್ಲಿ ಉತ್ತರವಿತ್ತು. ಕೊಡುವಂತಿರಲಿಲ್ಲ. 'ಕೈ ನಡುಗಿತು' ಎಂದು ಬರೆದುಕೊಟ್ಟ. ಕೈ ನಡುಗುವವನಿಗೆ ಬಡ್ತಿ ಹೇಗೆ ಕೊಡುವುದೆಂದು ಪೋಸ್ಟ್‌ಮಾಸ್ಟರರು ಅದೇ ಹಾಳೆಯ ಕೆಳಗೆ ಷರಾ ಬರೆದರು. ಐದು ಗಂಟೆಯ ಹೊತ್ತಿಗೆ ಅವನ ಕುರ್ಚಿ ಹಿಂದುಗಡೆಯ ಅಂಚೆಚೀಲಗಳ ಕೋಣೆಗೆ ಹೋಯಿತು. ಅಲ್ಲಿ ಕಿಟಕಿ ಇರಲಿಲ್ಲ.

ಸಂಜೆಯವರೆಗೆ ರೇಡಿಯೋ ಪಕ್ಕದಲ್ಲೇ ಕಾದು ಕೂತಿದ್ದ ಹೆಂಡತಿ ಮನೆಯ ದಾರಿಯಲ್ಲಿ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

"ನಮ್ಮ ಛತ್ರಿ ತಗೊಂಡು ಅವ್ರು ಜಲಪಾತ ನೋಡ್ಕೊಂಡು ಬಂದ್ರು. ನಿಮಗೆ ವಾಪಸ್ ಕೇಳೋಕೂ ಬಾಯಿ ಇಲ್ಲ. ಆ ಹೊಟ್ಟೆಕಿಚ್ಚಿಗೆ ಮಸಿ ಬಳಿದ್ರಿ, ಅಲ್ವಾ?" ಅವಳು ನಿಂತು ತಿರುಗಿದಳು. "ಅವ್ರನ್ನ ನೋಡಿ ಕಲೀರಿ. ಮನುಷ್ಯ ಅಂದ್ಮೇಲೆ ಒಂದು ದಿನವಾದ್ರೂ ಎಲ್ಲಿಗಾದ್ರೂ ಹೋಗಿ ಸುಮ್ನೆ ನಿಲ್ಬೇಕು. ನೀವು ಹುಟ್ಟಿದಾಗಿಂದ ಎಲ್ಲಿಗೆ ಹೋಗಿದೀರಿ, ಹೇಳಿ?"

ಅವಳು ಮತ್ತೆ ಎರಡು ಹೆಜ್ಜೆ ಮುಂದೆ ನಡೆದಳು, ಅವನು ಹಿಂದೆ.

ಆ ದಿನ ನೀರಿನ ಸದ್ದಿನಲ್ಲಿ ಯಾರು ಕರೆದರೂ ಕೇಳಿಸುತ್ತಿರಲಿಲ್ಲವೆಂದೂ, ಅದಕ್ಕೇ ಸಂಜೆಯ ಕೊನೆಯ ಬಸ್ಸಿನವರೆಗೆ ಅಲ್ಲೇ ನಿಂತಿದ್ದನೆಂದೂ, ಮದುವೆಗೆ ಮುಂಚೆಯಾಗಲಿ ಆಮೇಲಾಗಲಿ ಅಷ್ಟು ಸುಖವಾಗಿ ಎಂದೂ ಇರಲಿಲ್ಲವೆಂದೂ ಅವನು ಅವಳಿಗೆ ಹೇಳಲಿಲ್ಲ.